ಮನೆತನಕ್ಕೊಂದು ಲಾಂಛನ ಮಾಡಿಸಬೇಕು: ಏನಿರಬೇಕು, ಏನು ಬೇಡ?

ತೋಟದಮನೆ, ಸಾಗರ

ಎಲ್ಲರಿಗೂ ನಮಸ್ಕಾರ. ಹೊಸ ಮನೆ ಕೆಲಸ ಮುಗಿಯುತ್ತಾ ಬಂತು. ತಲೆಬಾಗಿಲಿಗೆ ಗಜಲಕ್ಷ್ಮಿ ಕೆತ್ತಿಸಿ ಆಗಿದೆ. ಜಗಲಿಯ ಗೋಡೆಗೆ ನಮ್ಮ ಮನೆತನದ್ದೇ ಅಂತ ಒಂದು ಲಾಂಛನ ಬೇಕು ಅನ್ನೋದು ನನ್ನ ಬಹಳ ದಿನದ ಆಸೆ. ಯುರೋಪಿನ ಕಡೆ ಕೋಟ್ ಆಫ್ ಆರ್ಮ್ಸ್ ಅಂತಾರಲ್ಲ, ಆ ತರಹದ್ದು.

ಒಂದು ಚಿತ್ರ ಬರೆದಿದ್ದೇನೆ. ಗುರಾಣಿಯನ್ನು ನಾಲ್ಕು ಭಾಗ ಮಾಡಿದ್ದೇನೆ. ಗಂಡಭೇರುಂಡ, ಸಿಂಹ, ಅಡಿಕೆ ಮರ, ತೆರೆದ ಪುಸ್ತಕ. ಮೇಲೆ ಕಿರೀಟ. ಆಚೀಚೆ ಎರಡು ಆನೆ. ಕೆಳಗೆ ಸಂಸ್ಕೃತದಲ್ಲಿ ಒಂದು ಸಾಲು. ಬಣ್ಣಗಳಿಗೂ ಅರ್ಥ ಹುಡುಕಿ ಹಾಕಿದ್ದೇನೆ: ಕೆಂಪು ಅಂದ್ರೆ ಶೌರ್ಯ, ನೀಲಿ ಅಂದ್ರೆ ನಿಷ್ಠೆ, ಹಸಿರು ಅಂದ್ರೆ ಸಮೃದ್ಧಿ, ಹಳದಿ ಅಂದ್ರೆ ಔದಾರ್ಯ. ಮರದ ಕೆತ್ತನೆಯವರಿಗೆ ಕೊಡುವ ಮೊದಲು ಗೊತ್ತಿರುವವರು ನೋಡಿ ಹೇಳಿ. ಯಾವುದು ಇರಲಿ, ಯಾವುದು ಬೇಡ?

ಶಾಸನದ ದಾರಿ, ಶಿಕಾರಿಪುರ

ಗಂಡಭೇರುಂಡದಿಂದಲೇ ಶುರು ಮಾಡೋಣ, ಅದು ನಮ್ಮ ಜಿಲ್ಲೆಗೆ ಬಹಳ ಹಳೇ ನಂಟಿನ ಹಕ್ಕಿ. ಬಳ್ಳಿಗಾವಿಗೆ ಹೋಗಿದ್ದೀರಾ? ಅಲ್ಲಿ 1047ರಲ್ಲಿ ಚಾವುಂಡರಾಯ ನಿಲ್ಲಿಸಿದ ಕಂಬ ಇದೆ. ಚಾಲುಕ್ಯರ ಕೈಕೆಳಗೆ ಬನವಾಸಿ ನಾಡನ್ನು ನೋಡಿಕೊಳ್ಳುತ್ತಿದ್ದವನು ಅವನು. ಅಲ್ಲಿನ ಗಂಡಭೇರುಂಡಕ್ಕೆ ಮನುಷ್ಯನ ಮೈ, ಹಕ್ಕಿಯ ಎರಡು ತಲೆ. ಮೊದಲ ಸಲ ನೋಡಿದವರು ಒಂದು ನಿಮಿಷ ನಿಂತೇ ಬಿಡ್ತಾರೆ. ಕೆಳದಿಯ ರಾಮೇಶ್ವರ ದೇವಸ್ಥಾನದಲ್ಲಿ ತಲೆ ಎತ್ತಿ ನೋಡಿದರೆ ಚಾವಣಿಯಲ್ಲಿ ಇನ್ನೊಂದು ಇದೆ. ವಿಜಯನಗರದ ಅಚ್ಯುತರಾಯ ಅದನ್ನು ನಾಣ್ಯಕ್ಕೆ ಹಾಕಿಸಿದ. ಮೈಸೂರಿನ ಒಡೆಯರು ರಾಜಲಾಂಛನ ಮಾಡಿಕೊಂಡರು. ಈಗ ಕರ್ನಾಟಕ ಸರ್ಕಾರದ್ದು, ಕೆಂಪು ನೆಲದ ಮೇಲೆ ಬಿಳಿ ಹಕ್ಕಿ.

ಇಷ್ಟೆಲ್ಲ ಕೈ ದಾಟಿದರೂ ಅರ್ಥ ಬದಲಾಗಿಲ್ಲ. ಆನೆಯನ್ನೇ ಎತ್ತಿಕೊಂಡು ಹೋಗುವ ಹಕ್ಕಿ, ಎದುರಿಲ್ಲದ ಬಲ. ನಾಡು ಆಳುವವರು ಹೇಳಿಕೊಳ್ಳುವ ಮಾತು ಇದು. ಒಂದು ಮನೆಯ ಜಗಲಿಯಲ್ಲಿ ಅದು ಏನು ಹೇಳುತ್ತೆ ಅಂತ ಯೋಚನೆ ಮಾಡಿ. ಇನ್ನೊಂದು ವಿಷಯ. ಮುಂದೆ ಇದೇ ಲಾಂಛನವನ್ನು ಉಪ್ಪಿನಕಾಯಿ ಬಾಟಲಿಗೋ ಅಡಿಕೆ ಪ್ಯಾಕೆಟ್ಟಿಗೋ ಹಾಕುವ ಯೋಚನೆ ಇದ್ದರೆ ಜಾಗ್ರತೆ. ರಾಜ್ಯ ಸರ್ಕಾರದ ಲಾಂಛನವನ್ನೋ ಅದನ್ನೇ ಹೋಲುವಂಥದ್ದನ್ನೋ ವ್ಯಾಪಾರಕ್ಕೆ ಬಳಸೋದನ್ನು 1950ರ ಕಾಯ್ದೆ ತಡೆಯುತ್ತದೆ.

ಸಿಂಹದ ಕಥೆಯೂ ಹೀಗೇ. ತಾಳಗುಂದದ ಕದಂಬರದ್ದು ಸಿಂಹ, ಹೊಯ್ಸಳರದ್ದು ಸಳ ಹೊಡೆದ ಮೃಗ. ಎರಡೂ ರಾಜರ ಗುರುತು. ನನ್ನ ಕೇಳಿದ್ರೆ ಮೊದಲ ಎರಡು ಭಾಗ ಖಾಲಿ ಮಾಡಿ.

ತುಂಗಾತೀರ, ಈಗ ಲಂಡನ್

ನಮಸ್ಕಾರ ತೋಟದಮನೆಯವರೇ. ನನ್ನೂರು ತೀರ್ಥಹಳ್ಳಿ. ಇಲ್ಲಿ ಹಳೇ ಚರ್ಚುಗಳಲ್ಲಿ, ಕಾಲೇಜು ಗೇಟುಗಳ ಮೇಲೆ ಇವನ್ನೇ ನೋಡ್ತಾ ನೋಡ್ತಾ ಹುಚ್ಚು ಹಿಡೀತು. ಸ್ವಲ್ಪ ಉದ್ದ ಬರೀತೀನಿ.

12ನೇ ಶತಮಾನದಲ್ಲಿ ಯುದ್ಧಕ್ಕೆ ಹೋಗುವವರು ಮುಖ ಮುಚ್ಚುವ ಕಬ್ಬಿಣದ ಶಿರಸ್ತ್ರಾಣ ಹಾಕುವ ಕಾಲಕ್ಕೆ ಈ ಪದ್ಧತಿ ಬೆಳೆಯಿತು. ಯಾರು ಯಾರು ಅಂತ ಗುರಾಣಿ ನೋಡಿ ಗೊತ್ತಾಗಬೇಕು. ಹಾಗಾಗಿ ಮುಖ್ಯವಾದದ್ದು ಗುರಾಣಿ ಒಂದೇ. ಕಿರೀಟ, ಆಚೀಚೆ ನಿಲ್ಲುವ ಪ್ರಾಣಿ, ಕೆಳಗಿನ ವಾಕ್ಯ ಎಲ್ಲ ಆಮೇಲೆ ಸೇರಿದ್ದು. ಕಿರೀಟ ಅಂತಸ್ತಿನ ಗುರುತು, ಸುಮ್ನೆ ಚಂದಕ್ಕೆ ಹಾಕೋದಲ್ಲ. ಎರಡು ಕಡೆ ಪ್ರಾಣಿ ನಿಲ್ಲಿಸುವ ಹಕ್ಕೂ ಇಂಗ್ಲೆಂಡಿನಲ್ಲಿ ಲಾರ್ಡುಗಳಂಥ ಕೆಲವರಿಗೆ ಮಾತ್ರ.

ಬಣ್ಣಕ್ಕೆ ಒಂದು ಗಟ್ಟಿ ನಿಯಮ ಇದೆ. ಹಳದಿ ಮತ್ತು ಬಿಳಿಯನ್ನು ಚಿನ್ನ, ಬೆಳ್ಳಿ ಅಂತ ಲೆಕ್ಕ ಹಾಕ್ತಾರೆ. ಕೆಂಪು, ನೀಲಿ, ಹಸಿರು, ಕಪ್ಪು, ನೇರಳೆ ಇವು ಬಣ್ಣ. ಲೋಹದ ಮೇಲೆ ಲೋಹ ಬೇಡ, ಬಣ್ಣದ ಮೇಲೆ ಬಣ್ಣ ಬೇಡ. ಕಾರಣ ಸರಳ, ದೂರದಿಂದ ಕಾಣಬೇಕು. ನೀಲಿ ನೆಲದ ಮೇಲೆ ಹಸಿರು ಅಡಿಕೆ ಮರ ಬರೆದಿದ್ದೀರಲ್ಲ, ಜಗಲಿಯ ಮಬ್ಬಿನಲ್ಲಿ ಅದು ಕಾಣಿಸೋದೇ ಇಲ್ಲ.

ಇನ್ನು ಕೆಂಪಂದ್ರೆ ಶೌರ್ಯ, ನೀಲಿ ಅಂದ್ರೆ ನಿಷ್ಠೆ ಅನ್ನೋ ಪಟ್ಟಿ. ಅದನ್ನು ದಯವಿಟ್ಟು ನಂಬಬೇಡಿ. ಲಾಂಛನ ಹುಟ್ಟಿ ಬಹಳ ಕಾಲದ ಮೇಲೆ ಪುಸ್ತಕ ಬರೆಯುವವರು ಹೊಂದಿಸಿದ್ದು ಅದು. ಬಣ್ಣಕ್ಕೆ ತನ್ನದೇ ಅರ್ಥ ಅಂತ ಎಲ್ಲೂ ನಿಗದಿಯಾಗಿಲ್ಲ. ಇಟ್ಟುಕೊಂಡವರು ಯಾಕೆ ಇಟ್ಟರು ಅನ್ನೋದೇ ಅರ್ಥ.

ಹೊಲಮನೆ, ಸೊರಬ

ಬೇಜಾರು ಮಾಡ್ಕೋಬೇಡಿ ಮಾರಾಯ್ರೆ, ಒಂದು ಮಾತು ಕೇಳ್ತೀನಿ. ಇದೆಲ್ಲ ನಮಗೆ ಯಾಕೆ? ಗುರಾಣಿ ಹಿಡಿದವರು ಯಾರು, ಅವರ ಗದ್ದೆಯಲ್ಲಿ ಗೇಯ್ದವರು ಯಾರು? ನಮ್ಮ ಅಜ್ಜ ಗೇಣಿದಾರ. ಭೂಸುಧಾರಣೆ ಬಂದ ಮೇಲೆ ಗದ್ದೆ ನಮ್ಮ ಹೆಸರಿಗಾಯ್ತು. ಕಾಗೋಡಿನಲ್ಲಿ 1951ರಲ್ಲಿ ರೈತರು ಎದ್ದು ನಿಂತದ್ದು ಇಂಥ ಮನೆತನದ ದೊಡ್ಡಸ್ತಿಕೆ ವಿರುದ್ಧವೂ ಹೌದು. ಈಗ ನಾವೇ ಗೋಡೆಗೆ ಲಾಂಛನ ಹಾಕಿಕೊಂಡ್ರೆ ಅದು ಏನು ಹೇಳಿದ ಹಾಗಾಯ್ತು?

ನಮ್ಮಲ್ಲಿ ಗುರುತು ಇರಲೇ ಇಲ್ಲ ಅಂತಲ್ಲ. ಮಲೆನಾಡು, ಕರಾವಳಿಯ ಎಷ್ಟೋ ಸಮುದಾಯಗಳಲ್ಲಿ ಬಳಿ ಇದೆ, ಬಯಲುಸೀಮೆ ಕಡೆ ಬೆಡಗು ಅಂತಾರೆ. ಒಂದು ಬಳಿಗೆ ಒಂದು ಮರದ್ದೋ ಪ್ರಾಣಿಯದ್ದೋ ಹೆಸರು. ಒಂದೇ ಬಳಿಯವರು ಅಣ್ಣತಮ್ಮಂದಿರ ಲೆಕ್ಕ, ಮದುವೆ ಮಾಡ್ಕೊಳ್ಳಲ್ಲ. ತಮ್ಮ ಬಳಿಯ ಮರಕ್ಕೆ ಕತ್ತಿ ಹಾಕದ ಹಿರಿಯರೂ ಇದ್ದರು. ಅದರಲ್ಲಿ ನಾನು ದೊಡ್ಡವನು ಅನ್ನೋ ಮಾತೇ ಇಲ್ಲ. ನಾನು ಇವರಿಗೆ ಸೇರಿದವನು, ಈ ಮರ ನನ್ನದು, ಇದನ್ನು ಕಡಿಯಲ್ಲ, ಅಷ್ಟೇ.

ಇಕ್ಕೇರಿ ಅಕ್ಕ

ಹೊಲಮನೆ ಅಣ್ಣನ ಮಾತು ಎಲ್ಲರೂ ಓದಬೇಕಾದ್ದು. ಬಳಿ ಇಡೀ ಗುಂಪಿಗೆ ಸೇರಿದ್ದು. ಯುರೋಪಿನದ್ದು ಒಬ್ಬ ವ್ಯಕ್ತಿಗೆ ಸೇರಿದ್ದು ಅಂತ ನಾನೂ ಕೇಳಿದ್ದೇನೆ. ತುಂಗಾತೀರದವರು ಹೌದೋ ಅಲ್ವೋ ಹೇಳಿ.

ನಾಣ್ಯದ ವಿಷಯ ಒಂದು ಸೇರಿಸ್ತೀನಿ. ಕೆಳದಿ ನಾಯಕರ ಚಿನ್ನದ ನಾಣ್ಯ ಇಕ್ಕೇರಿ ವರಹದ ಒಂದು ಮುಖದಲ್ಲಿ ಶಿವ ಪಾರ್ವತಿ, ಇನ್ನೊಂದರಲ್ಲಿ ನಾಗರಿ ಲಿಪಿಯಲ್ಲಿ ಶ್ರೀ ಸದಾಶಿವ ಅಂತ ಇರುತ್ತೆ. 1763ರಲ್ಲಿ ಹೈದರಾಲಿ ಅವರ ರಾಜಧಾನಿ ಬಿದನೂರು ಹಿಡಿದ. ಆಮೇಲೆ ಅವನು ಹೊಡೆಸಿದ ಚಿನ್ನದ ವರಹದಲ್ಲೂ ಶಿವ ಪಾರ್ವತಿ ಹಾಗೇ ಉಳಿದರು. ಹಿಂಬದಿಯಲ್ಲಿ ಮಾತ್ರ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ಊರಿನ ಜನ, ವ್ಯಾಪಾರಿಗಳು ಆ ಚಿತ್ರ ನೋಡಿ ನಾಣ್ಯ ನಂಬುತ್ತಿದ್ದರು. ರಾಜನಿಗಿಂತ ಗುರುತು ಗಟ್ಟಿಯಾಗಿತ್ತು ಅಲ್ವಾ. ಆ ಪುಟ್ಟ ವರಹವನ್ನು ಮ್ಯೂಸಿಯಂನಲ್ಲಿ ಗಾಜಿನಾಚೆ ನೋಡುವಾಗೆಲ್ಲ ನನಗೆ ಮೈ ಜುಮ್ ಅನ್ನುತ್ತೆ.

ತುಂಗಾತೀರ, ಈಗ ಲಂಡನ್

ಹೌದು ಅಕ್ಕ. ಇಂಗ್ಲೆಂಡಿನಲ್ಲಿ ಲಾಂಛನ ಹೆಸರಿಗೆ ಬರಲ್ಲ, ವ್ಯಕ್ತಿಗೆ ಬರುತ್ತೆ. ಒಂದೇ ಅಡ್ಡಹೆಸರು ಇದ್ದ ಮಾತ್ರಕ್ಕೆ ಯಾರದ್ದೋ ಲಾಂಛನ ನಮ್ಮದಾಗಲ್ಲ. 1484ರಲ್ಲಿ ಶುರುವಾದ ಕಾಲೇಜ್ ಆಫ್ ಆರ್ಮ್ಸ್ ಇಂದಿಗೂ ಅದನ್ನೆಲ್ಲ ದಾಖಲು ಮಾಡಿ ಕೊಡುತ್ತೆ. ನಮ್ಮ ದೇಶದಲ್ಲಿ ಅಂಥ ಸಂಸ್ಥೆ ಇಲ್ಲ. ತೋಟದಮನೆಯವರು ಯಾರನ್ನೂ ಕೇಳಬೇಕಾಗಿಲ್ಲ.

ಹೊಲಮನೆಯವರ ಪ್ರಶ್ನೆಗೆ ನನ್ನ ಉತ್ತರ. ಇದು ಬರೀ ದೊರೆಗಳದ್ದಾಗಿ ಉಳಿಯಲಿಲ್ಲ. ಸ್ವಿಟ್ಜರ್ಲೆಂಡ್, ಜರ್ಮನಿ ಕಡೆ ರೈತರು, ಬಡಗಿಗಳು, ಬೇಕರಿಯವರು ಕೂಡ ಇಟ್ಟುಕೊಂಡಿದ್ದರು. 14ನೇ ಶತಮಾನದಲ್ಲಿ ಬಾರ್ತೊಲುಸ್ ಅನ್ನೋ ಇಟಲಿಯ ಕಾನೂನು ಪಂಡಿತ, ಯಾರು ಬೇಕಾದ್ರೂ ಇಟ್ಟುಕೊಳ್ಳಬಹುದು, ಇನ್ನೊಬ್ಬರದ್ದನ್ನು ಕದಿಯಬಾರದು ಅಂತ ಬರೆದ. ಜರ್ಮನಿಯ ಹಳ್ಳಿಗಳಲ್ಲಿ ಮನೆಗುರುತು ಅಂತ ಇತ್ತು. ನಾಲ್ಕೈದು ಗೀಟಿನ ಒಂದು ಚಿಹ್ನೆ. ಅದನ್ನು ಉಪಕರಣಕ್ಕೆ, ದನಕ್ಕೆ, ಬಾಗಿಲಿಗೆ ಹಾಕ್ತಿದ್ದರು. ಎಷ್ಟೋ ಕಡೆ ಅದೇ ಮುಂದೆ ಲಾಂಛನವಾಯ್ತು.

ನಮ್ಮಲ್ಲಿ ಪಾತ್ರೆ ಅಂಗಡಿಯಲ್ಲಿ ತಾಮ್ರದ ಹಂಡೆಗೆ ಹೆಸರು ಕೊರೆಸ್ತಾರಲ್ಲ, ಮಂಡಿಗೆ ಹೋಗುವ ಅಡಿಕೆ ಚೀಲಕ್ಕೆ ಅಕ್ಷರ ಬರೀತಾರಲ್ಲ, ಮನೆಗುರುತು ಅಂದ್ರೆ ಅಂಥದ್ದೇ.

ಗುರಾಣಿ, ಎರಡು ಕಡೆ ಪ್ರಾಣಿ, ಕೆಳಗೆ ವಾಕ್ಯ ಅನ್ನೋ ಈ ಚೌಕಟ್ಟು ನಮ್ಮ ಸಂಸ್ಥಾನಗಳಿಗೆ ಬಂದದ್ದಕ್ಕೂ ಒಂದು ಕಥೆ ಇದೆ. 1877ರ ದೆಹಲಿ ದರ್ಬಾರಿನಲ್ಲಿ ಬ್ರಿಟಿಷರು ನಮ್ಮ ಪ್ರಮುಖ ರಾಜರಿಗೆ ಯುರೋಪಿನ ಶೈಲಿಯ ಲಾಂಛನ ಇರುವ ಬಾವುಟ ಕೊಟ್ಟರು. ಚಿತ್ರ ಮಾಡಿದವನು ರಾಬರ್ಟ್ ಟೇಲರ್ ಅನ್ನೋ ಸಿವಿಲ್ ಅಧಿಕಾರಿ. ಹಾಗಾಗಿ ಆ ಚೌಕಟ್ಟು ಬೇಡ ಅನ್ನಿಸಿದ್ರೆ ಬಿಡಿ. ಒಂದು ನೆಲ, ಒಂದು ಗುರುತು ಇದ್ದರೆ ಸಾಕು.

ಕುಲುಮೆಯ ಬೆಳಕು, ಭದ್ರಾವತಿ

ನಾನೂ ಕೇಳಬಹುದಾ? ನಮ್ಮ ತಂದೆ ಇಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದರು, ತಾತನೂ ಅಲ್ಲೇ. ಕಾರ್ಖಾನೆಯಲ್ಲಿ 1923ರಲ್ಲಿ ಕಬ್ಬಿಣ ಕರಗಿಸೋದು ಶುರುವಾದಾಗ ಸೌದೆಯ ಇದ್ದಿಲೇ ಉರುವಲು. ಅದಿರು ಕೆಮ್ಮಣ್ಣುಗುಂಡಿಯಿಂದ ರೋಪ್‌ವೇ ತೊಟ್ಟಿಲಲ್ಲಿ ಇಳಿದು ಬರುತ್ತಿತ್ತು. ತಾತ ಆ ತೊಟ್ಟಿಲುಗಳ ವಿಷಯ ಹೇಳೋಕೆ ಕೂತರೆ ಊಟ ಆರಿ ಹೋಗ್ತಿತ್ತು. ನಮ್ಮ ಮನೆಗೆ ಲಾಂಛನ ಅಂದ್ರೆ ತಂತಿ ಮೇಲಿನ ಆ ತೊಟ್ಟಿಲೇ ಆಗಬೇಕು. ಆದರೆ ಯಂತ್ರ, ಕಾರ್ಖಾನೆ ಎಲ್ಲ ಇಂಥದ್ದರಲ್ಲಿ ಹಾಕ್ತಾರಾ? ಸಿಂಹ, ಹದ್ದು, ಹೂವು ಇಷ್ಟೇನಾ?

ತುಂಗಾತೀರ, ಈಗ ಲಂಡನ್

ಖಂಡಿತ ಹಾಕಬಹುದು ತಮ್ಮಾ. ನನಗೆ ಬಹಳ ಇಷ್ಟವಾದ ಎರಡು ವೈಯಕ್ತಿಕ ಲಾಂಛನ ವಿಜ್ಞಾನಿಗಳದ್ದು.

ಅರ್ನೆಸ್ಟ್ ರುದರ್‌ಫೋರ್ಡ್ ಗೊತ್ತಲ್ಲ, ಪರಮಾಣುವಿನ ನಡುವೆ ಬೀಜ ಇದೆ ಅಂತ ಕಂಡುಹಿಡಿದವರು. 1931ರಲ್ಲಿ ಅವರು ಲಾರ್ಡ್ ಆದಾಗ ಲಾಂಛನ ಬೇಕಾಯ್ತು. ಗುರಾಣಿಯ ಮೇಲೆ ಒಂದನ್ನೊಂದು ದಾಟುವ ಎರಡು ಬಾಗಿದ ಗೆರೆ. ಒಂದು ಏರುತ್ತೆ, ಒಂದು ಇಳಿಯುತ್ತೆ. ವಿಕಿರಣ ವಸ್ತು ಹೇಗೆ ಕ್ಷಯಿಸುತ್ತೆ, ಅದರಿಂದ ಹುಟ್ಟಿದ್ದು ಹೇಗೆ ಬೆಳೆಯುತ್ತೆ ಅನ್ನೋ ಅವರದ್ದೇ ಸಂಶೋಧನೆಯ ಗ್ರಾಫ್ ಅದು. ಮೇಲೆ ಒಂದು ಕಿವಿ ಹಕ್ಕಿ, ಒಂದು ಕಡೆ ಮಾವೊರಿ ಯೋಧ, ಯಾಕಂದ್ರೆ ಅವರು ನ್ಯೂಜಿಲೆಂಡಿನ ಮಗ. ಇನ್ನೊಂದು ಕಡೆ ರಸವಿದ್ಯೆಯ ಮೂಲಪುರುಷ ಅಂತ ಹೇಳುವ ಹರ್ಮಿಸ್. ಇಡೀ ಬದುಕು ಅದರಲ್ಲಿದೆ, ಒಂದು ಸಿಂಹವೂ ಇಲ್ಲ.

ಇನ್ನೊಬ್ಬರು ಡೆನ್ಮಾರ್ಕಿನ ಭೌತವಿಜ್ಞಾನಿ ನೀಲ್ಸ್ ಬೋರ್. 1947ರಲ್ಲಿ ಅವರಿಗೆ ಅಲ್ಲಿನ ಆನೆ ಪದವಿ (ಆರ್ಡರ್ ಆಫ್ ದಿ ಎಲಿಫೆಂಟ್) ಅನ್ನೋ ರಾಜಗೌರವ ಸಿಕ್ಕಿತು. ಆ ಪದವಿ ಪಡೆದವರ ಲಾಂಛನವನ್ನು ಫ್ರೆಡ್ರಿಕ್ಸ್‌ಬೋರ್ಗ್ ಕೋಟೆಯ ಚರ್ಚಿನಲ್ಲಿ ತೂಗುಹಾಕುವ ಪದ್ಧತಿ. ಬೋರ್ ಇಟ್ಟದ್ದು ಚೀನಾದ ಯಿನ್ ಯಾಂಗ್ ಚಕ್ರ, ಕೆಳಗೆ ಲ್ಯಾಟಿನ್‌ನಲ್ಲಿ, ವಿರುದ್ಧ ಅನಿಸುವುವು ಒಂದನ್ನೊಂದು ತುಂಬುತ್ತವೆ ಅಂತ. ಬೆಳಕು ಅಲೆಯೂ ಹೌದು ಕಣವೂ ಹೌದು ಅಂತ ಹೇಳಬೇಕಾದ ಮನುಷ್ಯನಿಗೆ ಅದಕ್ಕಿಂತ ಹೊಂದುವ ಗುರುತು ಇನ್ನೇನಿದೆ?

ನಿಮ್ಮ ತೊಟ್ಟಿಲು ಈ ಸಾಲಿಗೇ ಸೇರಿದ್ದು. ಕಪ್ಪು ನೆಲ, ಓರೆಯಾಗಿ ಒಂದು ಬಿಳಿ ತಂತಿ, ಅದರ ಮೇಲೆ ಹಳದಿ ತೊಟ್ಟಿಲು. ನೋಡಿದವರು ಇದೇನು ಅಂತ ಕೇಳ್ತಾರೆ. ನೀವು ತಾತನ ಕಥೆ ಹೇಳ್ತೀರಿ.

ತೋಟದಮನೆಯವರೇ, ನಿಮಗೂ ಇದೇ ಪ್ರಶ್ನೆ. ನಿಮ್ಮ ಮನೆಯಲ್ಲಿ ಮತ್ತೆ ಮತ್ತೆ ಹೇಳುವ ಕಥೆ ಯಾವುದು?

ತೋಟದಮನೆ, ಸಾಗರ

ಎಲ್ಲರದ್ದೂ ಓದಿದೆ. ಮನೆಯಲ್ಲಿ ಅಮ್ಮನಿಗೂ ಓದಿ ಹೇಳಿದೆ. ನಮ್ಮಲ್ಲಿ ಮತ್ತೆ ಮತ್ತೆ ಹೇಳುವ ಕಥೆ ಒಂದೇ, ಮುಳುಗಡೆಯದ್ದು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿಯಿತು. ನಮ್ಮ ಅಜ್ಜನ ಮನೆ, ತೋಟ, ಗದ್ದೆ ಎಲ್ಲ ಶರಾವತಿ ಹಿನ್ನೀರಿನ ಕೆಳಗೆ ಹೋಯ್ತು. ಹೊರಡುವಾಗ ಹೆಂಚು, ಬಾಗಿಲು ಬಿಚ್ಚಿ ತಂದರು. ನಡುಮನೆಯ ಒಂದು ಕಂಬವನ್ನೂ ತಂದರು. ಹಲಸಿನ ಮರದ್ದು, ಕೆಳಗೆ ಚೌಕ, ಮಧ್ಯೆ ಎಂಟು ಮೂಲೆ, ತಲೆಯಲ್ಲಿ ಬಾಳೆಹೂವಿನ ಕೆತ್ತನೆ. ಅಜ್ಜಿ ದಿನಾ ಅದಕ್ಕೆ ಒರಗಿ ಕೂತು ಬತ್ತಿ ಹೊಸೀತಿದ್ದರು. ಅವರ ಬೆನ್ನು ತಾಗಿ ತಾಗಿ ಒಂದು ಮೂಲೆ ನುಣುಪಾಗಿದೆ, ಕೈ ಇಟ್ಟರೆ ಗೊತ್ತಾಗುತ್ತೆ. ಹೊಸ ಮನೆಯ ಜಗಲಿಗೂ ಅದೇ ಕಂಬ ನಿಲ್ಲಿಸಿದ್ದೇವೆ.

ಅಮ್ಮ ಕೇಳಿದರು, ಆನೆ ಸಿಂಹ ಎಲ್ಲ ಬರ್ದಿದೀಯ, ಕಂಬ ಎಲ್ಲಿ ಅಂತ.

ಹೊಲಮನೆ ಅಣ್ಣ, ನಿಮ್ಮ ಮಾತು ನನ್ನನ್ನು ತಟ್ಟಿತು. ಕಿರೀಟ, ಆನೆ, ಹಕ್ಕಿ, ಸಿಂಹ ನಾಲ್ಕನ್ನೂ ತೆಗೆದೆ. ನನಗೆ ಇಬ್ಬರು ಹೆಣ್ಣುಮಕ್ಕಳು. ಇದು ಅವರಿಗೂ ಹೋಗುತ್ತಾ? ಯುರೋಪಿನಲ್ಲಿ ಹೇಗೆ?

ತುಂಗಾತೀರ, ಈಗ ಲಂಡನ್

ಇಂಗ್ಲೆಂಡಿನ ಹಳೇ ಪದ್ಧತಿಯಲ್ಲಿ ಹೆಣ್ಣುಮಕ್ಕಳಿಗೆ ಗುರಾಣಿ ಬದಲು ವಜ್ರದ ಆಕಾರದ ಚೌಕ. ಗಂಡುಮಕ್ಕಳಿಗೆ ಸಣ್ಣ ಸಣ್ಣ ಗುರುತು ಸೇರಿಸ್ತಾರೆ, ಎರಡನೆಯವನಿಗೆ ಅರ್ಧಚಂದ್ರ, ಮೂರನೆಯವನಿಗೆ ನಕ್ಷತ್ರ ಹೀಗೆ. ಕೆನಡಾದವರು 1988ರಲ್ಲಿ ಲಾಂಛನ ಕೊಡುವ ತಮ್ಮದೇ ಸಂಸ್ಥೆ ಮಾಡಿಕೊಂಡ ಮೇಲೆ ಹೆಣ್ಣು ಗಂಡು ಇಬ್ಬರಿಗೂ ಒಂದೇ ಹಕ್ಕು. ನೀವು ಆ ದಾರಿ ಹಿಡೀರಿ.

ಚಿತ್ತಾರ ಬರೆಯೋಳು, ಸಾಗರ ಸೀಮೆ

ಬಣ್ಣದ ಮಾತಿಗೆ ನಾನು ಬರ್ತೀನಿ. ನಮ್ಮ ದೀವರ ಹಸೆ ಚಿತ್ತಾರದಲ್ಲಿ ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ ಎಳೆ ಎಳೀತೀವಿ. ಕಪ್ಪಿಗೆ ಹುರಿದು ಕರಕಲು ಮಾಡಿದ ಅಕ್ಕಿ, ಹಳದಿಗೆ ಗುರಿಗೆ ಕಾಯಿ. ಕುಂಚ ಪುಂಡಿ ನಾರಿನದ್ದು. ತುಂಗಾತೀರದ ಅಣ್ಣ ಹೇಳಿದ ನಿಯಮ ನಮ್ಮ ಗೋಡೆಗೂ ಸರಿಯಾಗೇ ಕೂರುತ್ತೆ. ಕೆಂಪಿನ ಮೇಲೆ ಬಿಳಿ, ಮಬ್ಬು ಬೆಳಕಲ್ಲೂ ಎದ್ದು ಕಾಣುತ್ತೆ.

ತೋಟದಮನೆ ಅಣ್ಣ, ನನ್ನ ಸಲಹೆ ಇದು. ನೆಲ ಕೆಮ್ಮಣ್ಣಿನ ಕೆಂಪು. ಕೆಳಗೆ ಬಿಳಿಯಲ್ಲಿ ನೀರಿನ ಅಲೆ. ಅದರಿಂದ ಮೇಲೆದ್ದ ಒಂದೇ ಒಂದು ಬಿಳಿ ಕಂಬ. ಅಡಿಕೆ ಮರ ಬೇಕೇ ಬೇಕು ಅಂದ್ರೆ ಕಂಬದ ಎರಡು ಕಡೆ ಒಂದೊಂದು ಸಿಂಗಾರ, ಅಂದ್ರೆ ಅಡಿಕೆಯ ಹೂಗೊಂಚಲು. ಪುಸ್ತಕ ಬಿಡಿ. ಓದಿದ್ದು ಎಲ್ಲರ ಮನೆಯಲ್ಲೂ ಇದೆ, ಈ ಕಂಬ ನಿಮ್ಮಲ್ಲಿ ಮಾತ್ರ ಇದೆ.

ಶಾಸನದ ದಾರಿ, ಶಿಕಾರಿಪುರ

ಬಹಳ ಚಂದ ತಂಗಿ. ಮೇಲೆ ಸೂರ್ಯ ಚಂದ್ರ ಹಾಕಿದ್ರೆ ಹೇಗೆ? ನಮ್ಮ ದಾನಶಾಸನಗಳ ತಲೆಯಲ್ಲಿ ಸೂರ್ಯ, ಚಂದ್ರ, ನಡುವೆ ಲಿಂಗ, ಕರುವಿಗೆ ಹಾಲುಣಿಸುವ ಹಸು ಇರುತ್ತೆ. ಸೂರ್ಯ ಚಂದ್ರರಿರೋ ತನಕ ಈ ಭೂಮಿ ಈ ದಾನಕ್ಕೇ ಇರಲಿ ಅಂತ ಅರ್ಥ. ಓದು ಬಾರದವರಿಗೂ ಆ ಚಿತ್ರ ನೋಡಿದ್ರೆ ಸಾಕಾಗುತ್ತಿತ್ತು.

ಹೊಲಮನೆ, ಸೊರಬ

ಸಾರ್, ಅದು ಬೇಡ ಅನ್ಸುತ್ತೆ ನಂಗೆ. ಸೂರ್ಯ ಚಂದ್ರ ಇರೋ ತನಕ ಭೂಮಿ ನಿಂದು ಅಂತ ಹೇಳೋ ಗುರುತು ಅದು. ಇವರ ಭೂಮಿ ನೀರಿನ ಕೆಳಗಿದೆ. ಶರಾವತಿ ಮುಳುಗಡೆಯವರು ಎಷ್ಟು ಮಂದಿ ಇವತ್ತಿಗೂ ಹಕ್ಕುಪತ್ರಕ್ಕೆ ಅಲೀತಾ ಇದಾರೆ. ಅವರ ಮನೆ ಗೋಡೆ ಮೇಲೆ ಆ ಸೂರ್ಯ ಚಂದ್ರ ಇದ್ದರೆ ನನಗೆ ನೋವಾಗುತ್ತೆ.

ಶಾಸನದ ದಾರಿ, ಶಿಕಾರಿಪುರ

ನಿಮ್ಮ ನೋವು ಅರ್ಥವಾಗುತ್ತೆ. ಆದರೆ ಅದೇ ಕಾರಣಕ್ಕೆ ಇರಬೇಕು ಅಂತ ನನ್ನ ವಾದ. ಕಲ್ಲಿನ ಮೇಲೆ ಸೂರ್ಯ ಚಂದ್ರ ಕೆತ್ತಿದ್ದು ದಾನ ಶಾಶ್ವತವಾಗಿ ಉಳಿಯುತ್ತೆ ಅಂತ ಗೊತ್ತಿದ್ದಕ್ಕಲ್ಲ. ಯಾರೋ ಕಿತ್ತುಕೊಳ್ತಾರೆ ಅನ್ನೋ ಭಯ ಇದ್ದಿದ್ದಕ್ಕೇ. ಅದಕ್ಕೇ ಕೆಳಗೆ ಅಳುಪಿದವರಿಗೆ, ಅಂದ್ರೆ ದಾನ ಕೆಡಿಸಿದವರಿಗೆ, ಶಾಪವನ್ನೂ ಬರೆಸ್ತಿದ್ದರು. ಮುಳುಗಿದ ಭೂಮಿಯವರು ಆ ಗುರುತು ಇಟ್ಟುಕೊಂಡ್ರೆ, ಇದು ನಮ್ಮದಾಗಿತ್ತು, ನಾವು ಮರೆತಿಲ್ಲ ಅಂತ ಹೇಳಿದ ಹಾಗೆ. ಕೊನೆಗೆ ತೀರ್ಮಾನ ಮನೆಯವರದ್ದು.

ತೋಟದಮನೆ, ಸಾಗರ

ಅಮ್ಮನ ಹತ್ತಿರ ಕೇಳಿದೆ. ಸೂರ್ಯ ಚಂದ್ರ ಬೇಡ ಅಂದರು. ಕಂಬ ಇದೆಯಲ್ಲ ಸಾಕು, ಅಂದರು. ಸಿಂಗಾರ ಇರಲಿ ಅಂತ ನನ್ನ ಚಿಕ್ಕ ಮಗಳು ಹಟ ಮಾಡಿದಳು, ಇಟ್ಟಿದ್ದೇನೆ. ಸಂಸ್ಕೃತದ ಸಾಲು ತೆಗೆದು ಕನ್ನಡದಲ್ಲಿ "ಹೊತ್ತು ತಂದೆವು" ಅಂತ ಮಾತ್ರ ಬರೆಸೋಣ ಅಂತ. ಸಾಗರದಲ್ಲಿ ಗುಡಿಗಾರರ ಮರಗೆತ್ತನೆ ಕೆಲಸ ಗೊತ್ತಿರುವ ಒಬ್ಬರು ಶಿವನೆ ಮರ ಆಗಬಹುದು ಅಂದಿದ್ದಾರೆ. ಇನ್ನೇನಾದ್ರೂ ನೋಡಬೇಕಾ?

ತುಂಗಾತೀರ, ಈಗ ಲಂಡನ್

ಒಂದು ಮುಖ್ಯ ಕೆಲಸ ಉಳಿದಿದೆ. ಲಾಂಛನವನ್ನು ಮಾತಿನಲ್ಲಿ ಬರೆದಿಡಬೇಕು. ಇಲ್ಲಿನ ಪದ್ಧತಿಯಲ್ಲಿ ಆ ವರ್ಣನೆಯೇ ಅಸಲಿ, ಚಿತ್ರ ಅದರ ಒಂದು ರೂಪ. ವರ್ಣನೆ ಓದಿ ಬೇರೆ ಬೇರೆ ಕಲಾವಿದರು ಬೇರೆ ಬೇರೆ ತರ ಬರೆದರೂ ಅದೇ ಲಾಂಛನ. ಎಡ ಬಲ ಬರೆಯುವಾಗ ಗುರಾಣಿ ಹಿಡಿದವರ ಎಡ ಬಲ ಲೆಕ್ಕ, ನೋಡುವವರದ್ದಲ್ಲ. ಮೊದಲು ನೆಲದ ಬಣ್ಣ ಬರಬೇಕು, ಆಮೇಲೆ ಮುಖ್ಯ ಗುರುತು, ಆಮೇಲೆ ಉಳಿದದ್ದು. ಹೀಗೆ:

"ಕೆಂಪು ನೆಲ. ತಳದ ಬಿಳಿ ಅಲೆಗಳಿಂದ ಎದ್ದ ಬಿಳಿ ಕಂಬ, ತಲೆಯಲ್ಲಿ ಬಾಳೆಹೂವು. ಕಂಬದ ಎರಡು ಕಡೆ ಹಳದಿ ಸಿಂಗಾರ ಒಂದೊಂದು. ಕೆಳಗೆ ಹೊತ್ತು ತಂದೆವು ಎಂಬ ಬರಹ."

ಇದನ್ನು ಒಂದು ಕಾಗದದಲ್ಲಿ ಬರೆದು ಹಲಗೆಯ ಹಿಂದೆ ಅಂಟಿಸಿ. ಯಾವುದಕ್ಕೆ ಯಾಕೆ ಅನ್ನೋದನ್ನೂ ಅಮ್ಮನ ಮಾತಿನಲ್ಲೇ ಬರೆಯಿರಿ.

ಚಿತ್ತಾರ ಬರೆಯೋಳು, ಸಾಗರ ಸೀಮೆ

ಅಲೆ ಎಷ್ಟು ಅಂತಾನೂ ಬರೀರಿ ಅಣ್ಣ, ಮೂರು ಎಳೆ ಸಾಕು. ಕೆತ್ತನೆಯವರಿಗೆ ಹೇಳಿ, ಅಲೆ ತೆಳುವಾಗಿರಲಿ, ಕಂಬ ಆಳವಾಗಿ ಬಿಡಿಸಲಿ. ಮಳೆಗಾಲದಲ್ಲಿ ಜಗಲಿಗೆ ಥಂಡಿ ಜಾಸ್ತಿ, ಹಲಗೆಯ ಹಿಂಬದಿಗೂ ಎಣ್ಣೆ ಹಚ್ಚಿಸಿ. ಬಣ್ಣ ಹಾಕುವ ದಿನ ಕರೀರಿ, ಕೆಮ್ಮಣ್ಣು ನಾನೇ ಅರೆದು ತರ್ತೀನಿ.